ಕೊಂಡದ್ದೆಷ್ಟು, ಓದಿದ್ದೆಷ್ಟು?

ರೆಸ್ಯೂಮೆಯ ಕೊನೆಯಲ್ಲಿ ‘ಹವ್ಯಾಸ: ಪುಸ್ತಕ ಓದುವುದು’ ಎಂದು ಬರೆಯದವರು ನಮ್ಮ ಕ್ಲಾಸಿನಲ್ಲಿ ಬೆರಳೆಣಿಕೆಯಷ್ಟು ಮಂದಿ. ಸೀನಿಯರ್‌ಗಳ ಫೈಲ್ ಇಸಿದುಕೊಂಡು ಹೆಸರು, ಯುಎಸ್‌ಎನ್, ಪ್ರಾಜೆಕ್ಟ್ ಬದಲಿಸುತ್ತೇವೆ. ಆ ಸಾಲನ್ನು ಮಾತ್ರ ಯಾರೂ ಮುಟ್ಟುವುದಿಲ್ಲ. ಅಣಕು ಸಂದರ್ಶನದಲ್ಲಿ ‘ಇತ್ತೀಚೆಗೆ ಏನು ಓದಿದಿರಿ?’ ಎಂದು ಕೇಳಿದರೆ ಒಬ್ಬರ ಹಿಂದೆ ಒಬ್ಬರು ‘ವಿಂಗ್ಸ್ ಆಫ್ ಫೈರ್’ ಎನ್ನುತ್ತಾರೆ. ಒಳ್ಳೆಯ ಪುಸ್ತಕವೇ. ಆದರೆ ‘ಅದರಲ್ಲಿ ನಿಮಗೆ ಹಿಡಿಸದ್ದು ಏನು?’ ಎಂಬ ಎರಡನೇ ಪ್ರಶ್ನೆ ಬಿತ್ತೆಂದರೆ ರೂಮು ಪೂರ್ತಿ ಮೌನ.

ಇದರಲ್ಲಿ ನಮ್ಮ ತಪ್ಪು ಕಡಿಮೆ. ಪ್ರೈಮರಿಯಿಂದ ಪಿಯುಸಿವರೆಗೆ ಕವಿ ಪರಿಚಯ ಕೇಳಿದ್ದಾರೆ, ಸಾರಾಂಶ ಕೇಳಿದ್ದಾರೆ, ಸಂದರ್ಭ ಸಹಿತ ಸ್ವಾರಸ್ಯ ಕೇಳಿದ್ದಾರೆ. ‘ನಿನಗೆ ಇಷ್ಟವಾಯ್ತಾ?’ ಎಂದು ಯಾವ ಪ್ರಶ್ನೆಪತ್ರಿಕೆಯೂ ಕೇಳಿಲ್ಲ. ಓದಿದ್ದರ ಬಗ್ಗೆ ನಮ್ಮದೇ ಅಭಿಪ್ರಾಯ ಹೇಳುವುದು ಹೇಗೆ ಎಂದು ನನಗೆ ಮೊದಲು ತೋರಿಸಿಕೊಟ್ಟವನು ಒಬ್ಬ ಕಾದಂಬರಿಕಾರ. ಚರ್ಚ್ ಸ್ಟ್ರೀಟಿನ ಹಳೆ ಪುಸ್ತಕದಂಗಡಿಯಲ್ಲಿ ಸಿಕ್ಕ ತೆಳ್ಳಗಿನ ಪುಸ್ತಕ ಅವನದು. ಹೆಸರು ನಿಕ್ ಹಾರ್ನ್‌ಬಿ.

ಎರಡು ಪಟ್ಟಿಗಳು

1957ರಲ್ಲಿ ಹುಟ್ಟಿದ ಹಾರ್ನ್‌ಬಿ ಇಂಗ್ಲೆಂಡಿನವನು. ಆರ್ಸೆನಲ್ ತಂಡದ ಹುಚ್ಚು ಅಭಿಮಾನಿ. ಆ ಹುಚ್ಚನ್ನೇ ‘ಫೀವರ್ ಪಿಚ್’ (1992) ಎಂಬ ಪುಸ್ತಕ ಮಾಡಿದ. ರೆಕಾರ್ಡ್ ಅಂಗಡಿ ಇಟ್ಟುಕೊಂಡು ಎಲ್ಲದಕ್ಕೂ ಟಾಪ್ ಫೈವ್ ಪಟ್ಟಿ ಮಾಡುವವನೊಬ್ಬನ ಕಥೆ ‘ಹೈ ಫಿಡೆಲಿಟಿ’ (1995) ಅವನ ಮೊದಲ ಕಾದಂಬರಿ. ಅದು ಸಿನಿಮಾ ಕೂಡ ಆಯಿತು.

2003ರಲ್ಲಿ ಅಮೆರಿಕದ ‘ದಿ ಬಿಲೀವರ್’ ಎಂಬ ಸಾಹಿತ್ಯ ಪತ್ರಿಕೆಯಲ್ಲಿ ಅವನೊಂದು ಅಂಕಣ ಶುರುಮಾಡಿದ. ‘ನಾನು ಓದುತ್ತಿರುವುದು’ ಎಂಬರ್ಥದ ಹೆಸರು. ಅಂಕಣದ ತಲೆಯ ಮೇಲೆ ಎರಡು ಪಟ್ಟಿ: ಒಂದರಲ್ಲಿ ಆ ತಿಂಗಳು ಕೊಂಡ ಪುಸ್ತಕಗಳು, ಇನ್ನೊಂದರಲ್ಲಿ ಓದಿದ ಪುಸ್ತಕಗಳು. ಎರಡೂ ತಾಳೆಯಾಗುವುದೇ ಅಪರೂಪ. ಕೊಂಡದ್ದು ಓದಿಲ್ಲ, ಓದಿದ್ದು ಈ ತಿಂಗಳು ಕೊಂಡದ್ದಲ್ಲ. ಫುಟ್‌ಬಾಲ್ ಜಾಸ್ತಿಯಾದಾಗ ಓದು ಕಡಿಮೆಯಾಯಿತು ಎಂದು ನಾಚಿಕೆಯಿಲ್ಲದೆ ಬರೆಯುತ್ತಾನೆ. ಪುಸ್ತಕದ ಅಂಕಣ ಬರೆಯುವವರೂ ನಮ್ಮ ಹಾಗೇ ಮ್ಯಾಚ್ ನೋಡಿ ಟೈಮ್ ಕಳೆಯುತ್ತಾರೆ ಎಂದು ಗೊತ್ತಾಗಿ ನನಗೆ ಅರ್ಧ ಭಯ ಹೋಯಿತು.

ಪತ್ರಿಕೆಯದೊಂದು ನಿಯಮವಿತ್ತು. ಯಾರ ಪುಸ್ತಕವನ್ನೂ ಹೀಗಳೆಯುವ ಹಾಗಿಲ್ಲ. ಹಾಗಾಗಿ ಹಿಡಿಸದೆ ಅರ್ಧಕ್ಕೆ ಬಿಟ್ಟ ಪುಸ್ತಕ ಪಟ್ಟಿಯಲ್ಲಿ ಹೆಸರಿಲ್ಲದೆ ಬರುತ್ತಿತ್ತು: ‘ಹೆಸರು ಹೇಳದ ಒಂದು ಕಾದಂಬರಿ, ಅರ್ಧಕ್ಕೆ ಬಿಟ್ಟದ್ದು’ ಅನ್ನುವ ಹಾಗೆ. ಓದುವುದು ಶಿಕ್ಷೆ ಅನ್ನಿಸತೊಡಗಿದರೆ ಪುಸ್ತಕ ಕೆಳಗಿಡಿ, ಬೇರೆಯದನ್ನು ಎತ್ತಿಕೊಳ್ಳಿ ಎನ್ನುವುದು ಅವನ ಮಾತಿನ ಸಾರ. ಬ್ಯಾಕ್‌ಲಾಗ್ ಎಂಬ ಪದ ಕೇಳಿದರೇ ಬೆವರುವ ನಮಗೆ ಇದು ಸಣ್ಣ ಸಮಾಧಾನವಲ್ಲ.

ಹಾಗಂತ ಅವನು ಸುಲಭದ್ದನ್ನು ಮಾತ್ರ ಓದುವವನಲ್ಲ. ‘ಡೇವಿಡ್ ಕಾಪರ್‌ಫೀಲ್ಡ್’ನಂಥ ದಪ್ಪ ಕಾದಂಬರಿ ಹಿಡಿದು ಖುಷಿಯಿಂದ ಬರೆಯುತ್ತಾನೆ. ಬರವಣಿಗೆಯೆಂದರೆ ಕತ್ತರಿಸಿ ಕತ್ತರಿಸಿ ತೆಳ್ಳಗೆ ಮಾಡುವುದು ಎಂದು ಈಗಿನ ತರಗತಿಗಳು ಕಲಿಸುತ್ತವೆ; ಡಿಕನ್ಸ್ ಆ ಪಾಠ ಕೇಳಿದ್ದರೆ ಅವನ ನೂರೆಂಟು ಸಣ್ಣ ಪಾತ್ರಗಳು ಹುಟ್ಟುತ್ತಲೇ ಇರಲಿಲ್ಲ ಎನ್ನುವುದು ಅವನ ವಾದ. ಇಲ್ಲಿ ಸಾರಾಂಶ ಇಲ್ಲ, ‘ಸಂದೇಶ’ ಇಲ್ಲ. ಒಂದು ಕಾದಂಬರಿ ಓದಿದ್ದರಿಂದ ಅವನಿಗೆ ಹೊಳೆದ ಒಂದು ವಿಚಾರ ಇದೆ. ಅಭಿಪ್ರಾಯ ಅಂದರೆ ಇದೇ.

ಆ ಅಂಕಣಗಳು ‘ದಿ ಪಾಲಿಸಿಲಾಬಿಕ್ ಸ್ಪ್ರೀ’ (2004) ಮುಂತಾದ ಸಂಕಲನಗಳಾಗಿ ಬಂದವು. 2013ರಲ್ಲಿ ಹತ್ತು ವರ್ಷದ ಬರಹಗಳೆಲ್ಲ ‘ಟೆನ್ ಇಯರ್ಸ್ ಇನ್ ದಿ ಟಬ್’ ಎಂಬ ಒಂದೇ ಪುಸ್ತಕವಾದವು.

ಖಾರದ ಮಾತಿಗೂ ಬೆಲೆಯುಂಟು

ಎಲ್ಲ ಕಾದಂಬರಿಕಾರರೂ ಇಷ್ಟು ಮೆದುವಾಗಿ ಮಾತಾಡುವುದಿಲ್ಲ. ನೂರು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಆರ್ನಲ್ಡ್ ಬೆನೆಟ್ ಎಂಬ ಜನಪ್ರಿಯ ಕಾದಂಬರಿಕಾರನಿದ್ದ. ಹೊಸ ಪುಸ್ತಕಗಳ ಬಗ್ಗೆ ಅವನು ಬರೆದದ್ದನ್ನು ಊರೆಲ್ಲ ಓದುತ್ತಿತ್ತು. 1923ರಲ್ಲಿ ಅವನು ವರ್ಜೀನಿಯಾ ವುಲ್ಫ್ ಬರೆದ ‘ಜೇಕಬ್ಸ್ ರೂಮ್’ ಓದಿ, ಲೇಖಕಿ ಜಾಣೆ ಹೌದು, ಆದರೆ ಪಾತ್ರಗಳು ಮನಸ್ಸಿನಲ್ಲಿ ಉಳಿಯುವುದಿಲ್ಲ ಎಂಬ ಅರ್ಥದಲ್ಲಿ ಬರೆದ. ವುಲ್ಫ್ ಸುಮ್ಮನೆ ಕೂರಲಿಲ್ಲ. ‘ಮಿಸ್ಟರ್ ಬೆನೆಟ್ ಅಂಡ್ ಮಿಸೆಸ್ ಬ್ರೌನ್’ ಎಂಬ ಪ್ರಬಂಧ ಬರೆದಳು. ರೈಲಿನ ಮೂಲೆಯಲ್ಲಿ ಕೂತ ಮುದುಕಿಯೊಬ್ಬಳನ್ನು ನೋಡಿದರೆ ನೀವು ಮನೆ ಬಾಡಿಗೆ, ಬಟ್ಟೆಬರೆ ಲೆಕ್ಕ ಹಾಕುತ್ತೀರಿ, ಅವಳನ್ನೇ ನೋಡುವುದಿಲ್ಲ ಎನ್ನುವುದು ಅವಳ ಉತ್ತರ. 1925ರಲ್ಲಿ ಅವಳ ‘ಮಿಸೆಸ್ ಡಾಲೊವೆ’ ಬಂತು. ಪಾತ್ರ ಅಂದರೇನು ಎಂಬ ಆ ಜಗಳವನ್ನು ಸಾಹಿತ್ಯದ ವಿದ್ಯಾರ್ಥಿಗಳು ಇವತ್ತಿಗೂ ಓದುತ್ತಾರೆ.

ಬೆನೆಟ್ ‘ಚೆನ್ನಾಗಿದೆ’ ಎಂದು ಬರೆದು ಮುಗಿಸಿದ್ದರೆ ಆ ಪ್ರಬಂಧವೇ ಇರುತ್ತಿರಲಿಲ್ಲವೇನೋ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎಲ್ಲದಕ್ಕೂ ‘ಸೂಪರ್’ ಎನ್ನುವ ನಮಗೆ ಇದು ನೆನಪಿರಲಿ. ಕಾರಣ ಕೊಟ್ಟು ಹೇಳಿದ ಭಿನ್ನಾಭಿಪ್ರಾಯಕ್ಕೆ ಕಾರಣ ಕೊಟ್ಟೇ ಉತ್ತರ ಬರುತ್ತದೆ. ಗ್ರೂಪ್ ಡಿಸ್ಕಷನ್ ಅಂದರೆ ಇನ್ನೇನು?

ನನ್ನ ನೋಟ್‌ಬುಕ್ಕಿನಿಂದ

ಹಾರ್ನ್‌ಬಿಯ ಪದ್ಧತಿ ನೋಡಿ ನಾನೂ ಒಂದು ನೂರು ಪುಟದ ನೋಟ್‌ಬುಕ್ ಇಟ್ಟಿದ್ದೇನೆ. ಎಡಪುಟದಲ್ಲಿ ಕೊಂಡದ್ದು, ಲೈಬ್ರರಿಯಿಂದ ತಂದದ್ದು. ಬಲಪುಟದಲ್ಲಿ ಓದಿದ್ದು. ಕೆಳಗೆ ನಾಲ್ಕೈದು ಸಾಲು ಅಭಿಪ್ರಾಯ. ಹೋದ ರಜೆಯ ಎರಡು ಪುಸ್ತಕ ಹೇಳುತ್ತೇನೆ. ಎರಡನ್ನೂ ಬರೆದವರು ಎಂಜಿನಿಯರಿಂಗ್ ಓದಿದವರು ಎಂಬುದು ಆಮೇಲೆ ಗೊತ್ತಾದ ಖುಷಿ.

ಮೊದಲನೆಯದು ವಿವೇಕ ಶಾನಭಾಗರ ‘ಘಾಚರ್ ಘೋಚರ್’. ಒಂದೇ ಸಂಜೆಯಲ್ಲಿ ಮುಗಿಸಿದೆ, ಮೆಸ್ಸಿನ ಊಟ ತಪ್ಪಿತು. ಇರುವೆ ಕಾಟದ ಸಣ್ಣ ಮನೆಯಲ್ಲಿದ್ದ ಕುಟುಂಬಕ್ಕೆ ದಿಢೀರನೆ ದುಡ್ಡು ಬಂದು ಮನೆಯವರೆಲ್ಲ ನಿಧಾನಕ್ಕೆ ಬೇರೆಯೇ ಆಗಿಬಿಡುವ ಕಥೆ. ಪ್ಯಾಕೇಜ್ ಲೆಕ್ಕ ಹಾಕುವ ನಮ್ಮ ಹಾಸ್ಟೆಲ್ ಕಾರಿಡಾರ್ ನೆನಪಾಯಿತು. ‘ಕೊನೆ ಅರ್ಧಕ್ಕೇ ನಿಂತ ಹಾಗಿದೆ’ ಎಂದು ಬರೆದೆ. ರೂಮ್‌ಮೇಟ್ ಓದಿ, ‘ಅಲ್ಲೇ ಅಲ್ವೇನೋ ಭಯ ಇರೋದು’ ಅಂದ. ರಾತ್ರಿ ಒಂದರವರೆಗೆ ವಾದ ನಡೆಯಿತು. ಇಬ್ಬರೂ ಸೋಲಲಿಲ್ಲ.

ಎರಡನೆಯದು ಯಶವಂತ ಚಿತ್ತಾಲರ ‘ಶಿಕಾರಿ’ (1979). ಚಿತ್ತಾಲರು ಕುಮಟಾ ತಾಲ್ಲೂಕಿನ ಹನೇಹಳ್ಳಿಯವರು. ಅಮೆರಿಕದಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಕಲಿತು ಮುಂಬೈನ ಕಂಪನಿಯಲ್ಲಿ ದುಡಿದವರು. ಕಾದಂಬರಿಯ ನಾಗಪ್ಪ ಕೂಡ ಮುಂಬೈನ ಕಂಪನಿಯೊಂದರ ಅಧಿಕಾರಿ. ಒಂದು ದಿನ ಅವನನ್ನು ಕೆಲಸದಿಂದ ದೂರ ಇಡುತ್ತಾರೆ. ಆರೋಪ ಏನೆಂದೇ ಅವನಿಗೆ ಸರಿಯಾಗಿ ತಿಳಿಯದು. ನಾಗಪ್ಪ ಯೋಚಿಸುತ್ತಲೇ ಇರುತ್ತಾನೆ, ಪುಟ ತಿರುಗುತ್ತಲೇ ಇರುತ್ತದೆ. ‘ಶಕ್ತಿ ಇದೆ, ಆದರೆ ತುಂಬಾ ಉದ್ದವಾಯಿತು’ ಎಂದು ಬರೆದಿಟ್ಟೆ.

ಆ ಹೊತ್ತಿಗೆ ನಮ್ಮಣ್ಣ ಮನೆಯಲ್ಲಿದ್ದ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದು ಒಂದು ಮೇಲ್ ಕಳಿಸಿ ಅವನನ್ನು ಮನೆಗೆ ಕಳಿಸಿತ್ತು. ಕಾರಣ ಕೇಳಿ ಬರೆದ ಮೇಲ್‌ಗೆ ಉತ್ತರ ಬಂದಿರಲಿಲ್ಲ. ಅಪ್ಪನಿಗೆ ‘ವರ್ಕ್ ಫ್ರಂ ಹೋಮ್’ ಎಂದು ಹೇಳಿ, ದಿನಾ ಒಂಬತ್ತಕ್ಕೆ ಲ್ಯಾಪ್‌ಟಾಪ್ ತೆಗೆದು ಕೂರುತ್ತಿದ್ದ. ನನಗಷ್ಟೇ ವಿಷಯ ಗೊತ್ತಿತ್ತು. ಸಮಾಧಾನ ಹೇಳಲು ಬಾಯಿ ಬರದೆ ‘ಶಿಕಾರಿ’ಯನ್ನು ಅವನ ಟೇಬಲ್ ಮೇಲಿಟ್ಟೆ, ಜೊತೆಗೆ ನೋಟ್‌ಬುಕ್ಕನ್ನೂ.

ಎರಡು ವಾರ ಓದಿದ. ನನ್ನ ಸಾಲುಗಳ ಕೆಳಗೆ ತನ್ನ ಸಾಲು ಬರೆದಿದ್ದ: ‘ಉದ್ದ ಇಲ್ಲ ಕಣೋ. ಕಾರಣ ಗೊತ್ತಿಲ್ಲದೆ ಕಾಯುವವನ ಒಂದು ದಿನ ಇಷ್ಟೇ ಉದ್ದ ಇರುತ್ತೆ.’ ಅವತ್ತು ಸಂಜೆ ಇಬ್ಬರೂ ಟೆರೇಸ್ ಮೇಲೆ ಕೂತು ಪೂರಾ ನಾಗಪ್ಪನ ಬಗ್ಗೆಯೇ ಮಾತಾಡಿದೆವು. ನಾಗಪ್ಪ ಹಾಗೆ ಮಾಡಬಾರದಿತ್ತು, ಅವನು ಯಾರನ್ನೂ ನಂಬಬಾರದಿತ್ತು ಎಂದೆಲ್ಲ. ಅಣ್ಣನ ಹೆಸರು ಒಮ್ಮೆಯೂ ಬರಲಿಲ್ಲ. ಮರುದಿನ ಅವನು ಅಪ್ಪನಿಗೆ ನಿಜ ಹೇಳಿದ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮೊದಲೇ ಹೇಳೋದಲ್ವಾ’ ಅಂದರು.

ಕಾದಂಬರಿ ಕೆಲಸ ಕೊಡಿಸುತ್ತದೆ ಎಂದು ನಾನು ಹೇಳುವುದಿಲ್ಲ. ಅಣ್ಣನಿಗೆ ಮುಂದೆ ಕೆಲಸ ಸಿಕ್ಕಿದ್ದು ಅವನ ಕೋಡಿಂಗಿನಿಂದ. ಆದರೆ ಆ ಎರಡು ವಾರ ನಮ್ಮಿಬ್ಬರ ನಡುವೆ ಮಾತಾಡಲು ಬೇರೆ ಯಾವುದೂ ಇರಲಿಲ್ಲ. ‘ಉದ್ದವಾಯಿತು’ ಎಂಬ ನನ್ನ ಸಾಲನ್ನು ನಾನು ಹೊಡೆದುಹಾಕಿಲ್ಲ. ನನಗೆ ಹಾಗನ್ನಿಸಿದ್ದು ನಿಜ, ಅವನಿಗೆ ಹಾಗನ್ನಿಸದೇ ಇದ್ದದ್ದೂ ನಿಜ. ಒಂದೇ ಪುಟದಲ್ಲಿ ಎರಡೂ ಇವೆ.

ನೀವೂ ಶುರುಮಾಡಿ

ಇದಕ್ಕೆ ಹೆಚ್ಚು ದುಡ್ಡು ಬೇಡ. ಊರಿನ ಸಾರ್ವಜನಿಕ ಗ್ರಂಥಾಲಯದ ಸದಸ್ಯತ್ವ ಸಾಕು. ಪುಸ್ತಕ ಮುಗಿದ ದಿನವೇ ಮೂರು ಪ್ರಶ್ನೆಗೆ ಉತ್ತರ ಬರೆಯಿರಿ: ಎಲ್ಲಿ ಪುಸ್ತಕ ಕೆಳಗಿಡಲು ಆಗಲಿಲ್ಲ? ಎಲ್ಲಿ ಬೇಸರವಾಯಿತು? ಇದನ್ನು ಯಾರಿಗೆ ಕೊಡಬೇಕು? ಅರ್ಧಕ್ಕೆ ಬಿಟ್ಟರೆ ಹೆಸರು ಬರೆಯದೆ ‘ಬಿಟ್ಟದ್ದು’ ಎಂದು ಬರೆಯಿರಿ, ಲೇಖಕರಿಗೂ ನಿಮಗೂ ಮರ್ಯಾದೆ. ಗೂಗಲ್‌ನಲ್ಲಿ ವಿಮರ್ಶೆ ನೋಡುವುದಿದ್ದರೆ ನಿಮ್ಮದು ಬರೆದಾದ ಮೇಲೆ ನೋಡಿ. ಸಂದರ್ಶನದಲ್ಲಿ ಆ ಎರಡನೇ ಪ್ರಶ್ನೆ ಬಂದರೆ ಹೇಳಲು ನಿಮ್ಮದೇ ಮಾತು ಇರುತ್ತದೆ. ಬರದಿದ್ದರೂ ನಷ್ಟವಿಲ್ಲ.

ಈ ತಿಂಗಳು ನನ್ನ ಎಡಪುಟದಲ್ಲಿ ಮೂರು ಪುಸ್ತಕ ಇವೆ, ಬಲಪುಟದಲ್ಲಿ ಒಂದು. ಇಂಟರ್ನಲ್ಸ್ ಮುಗಿಯಲಿ, ನೋಡೋಣ.