ನೀರು ಬಂದ ಊರು, ನೀರು ಬಾರದ ಊರು

ನಮ್ಮ ವಿದ್ಯಾರ್ಥಿನಿಲಯದ ಪ್ರವೇಶಪತ್ರದಲ್ಲಿ 'ಪೋಷಕರ ವಾರ್ಷಿಕ ವರಮಾನ' ಎಂಬ ಅಂಕಣವೊಂದಿದ್ದುದು ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಆ ಅಂಕಣವನ್ನು ತುಂಬುವ ಕೆಲಸ ಕೆಲವು ವರ್ಷ ನನ್ನ ಪಾಲಿಗೆ ಬಂದಿತ್ತು. ಒಮ್ಮೆ ಮಗನನ್ನು ಕರೆತಂದಿದ್ದ ರೈತರೊಬ್ಬರನ್ನು, "ವರ್ಷಕ್ಕೆ ವರಮಾನ ಎಷ್ಟು ಬರುತ್ತದೆ?" ಎಂದು ಕೇಳಿದೆನು. ಅವರು ತುಸು ಯೋಚಿಸಿ, "ಯುಗಾದಿಗಂಟ ರಾಗಿ ಆಯ್ತದೆ ಸ್ವಾಮಿ, ಅಲ್ಲಿಂದಾಚೆಗೆ ಕೂಲಿನೇಯ" ಎಂದರು. ನಾನು ನನಗೆ ತೋಚಿದ ಅಂಕಿಯೊಂದನ್ನು ಬರೆದುಕೊಂಡು ಮುಂದಿನವರನ್ನು ಕರೆದೆನು. ನನ್ನ ಪ್ರಶ್ನೆಗಿಂತ ಅವರ ಉತ್ತರವೇ ಹೆಚ್ಚು ಶಾಸ್ತ್ರೀಯವಾದುದೆಂಬುದು ನನಗೆ ಹೊಳೆದುದು ಬಹುಕಾಲದ ಅನಂತರ, ಮಂಡ್ಯ ಜಿಲ್ಲೆಯ ಎರಡು ಹಳ್ಳಿಗಳನ್ನು ಕುರಿತ ಸಂಶೋಧನೆಯೊಂದನ್ನು ಓದಿದಾಗ. ಆ ಸಂಶೋಧನೆಯನ್ನು ವಾಚಕರಿಗೆ ಪರಿಚಯಿಸುವುದು ಈ ಲೇಖನದ ಉದ್ದೇಶ.

ಹಳ್ಳಿಯ ಬದುಕನ್ನು ಅಳೆದು ತೂಗಿ ನೋಡುವ ಪ್ರಯತ್ನ ನಮ್ಮ ದೇಶದಲ್ಲಿ ಹೊಸದೇನಲ್ಲ. ಪುಣೆಯ ಕೃಷಿ ಕಾಲೇಜಿನ ಪ್ರಾಂಶುಪಾಲರಾಗಿದ್ದ ಹೆರಾಲ್ಡ್ ಮಾನ್ ಅವರು 1917ರಲ್ಲಿಯೇ ಪಿಂಪಳಾ ಸೌದಾಗರ್ ಎಂಬ ಗ್ರಾಮದ ಭೂಮಿ ಮತ್ತು ದುಡಿಮೆಯನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿ, ಹಿಡುವಳಿಗಳು ತುಂಡುತುಂಡಾಗಿ ಹೋಗಿರುವುದನ್ನು ತೋರಿಸಿದರು. ಮದರಾಸು ವಿಶ್ವವಿದ್ಯಾನಿಲಯದ ಅರ್ಥಶಾಸ್ತ್ರ ಪ್ರಾಧ್ಯಾಪಕ ಗಿಲ್ಬರ್ಟ್ ಸ್ಲೇಟರ್ ಅವರು ತಮ್ಮ ವಿದ್ಯಾರ್ಥಿಗಳನ್ನು ಅವರವರ ಊರುಗಳಿಗೇ ಕಳುಹಿಸಿ ಮಾಹಿತಿ ತರಿಸಿ 1918ರಲ್ಲಿ ಪ್ರಕಟಿಸಿದರು. ನಮ್ಮವರೇ ಆದ ಎಂ. ಎನ್. ಶ್ರೀನಿವಾಸರು 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ನೆಲೆಸಿ, ಅದಕ್ಕೆ 'ರಾಮಪುರ'ವೆಂಬ ಕಲ್ಪಿತ ನಾಮವನ್ನಿತ್ತು ಅಧ್ಯಯನ ಮಾಡಿದುದು ಸರ್ವವಿದಿತ. ನಾನು ಹೇಳಹೊರಟಿರುವುದು ಇವರೆಲ್ಲರ ಅನಂತರ ಬಂದ ಒಬ್ಬ ಮಹಿಳೆಯ ಕೆಲಸವನ್ನು.

ಸ್ಕಾರ್ಲೆಟ್ ಎಪ್‌ಸ್ಟೀನ್ ಅವರು 1922ರಲ್ಲಿ ವಿಯೆನ್ನಾ ನಗರದ ಯೆಹೂದಿ ಕುಟುಂಬದಲ್ಲಿ ಜನಿಸಿದವರು. ನಾಜಿಗಳು ಆಸ್ಟ್ರಿಯಾವನ್ನು ಆಕ್ರಮಿಸಿದಾಗ ತಾಯ್ನಾಡನ್ನು ತೊರೆದು, ಇಂಗ್ಲೆಂಡಿನಲ್ಲಿ ಆಶ್ರಯ ಪಡೆದು, ಕಾರ್ಖಾನೆಯಲ್ಲಿ ದುಡಿದು, ಬಳಿಕ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡಿದರು. ಅರ್ಥಶಾಸ್ತ್ರವನ್ನೂ ಮಾನವಶಾಸ್ತ್ರವನ್ನೂ ಕೂಡಿಸಿಕೊಂಡು 1954ರಲ್ಲಿ ಮಂಡ್ಯದ ಸೀಮೆಗೆ ಬಂದು ಎರಡು ವರ್ಷಗಳ ಕಾಲ ಕ್ಷೇತ್ರಕಾರ್ಯ ನಡೆಸಿದರು. ಈ ಶ್ರಮದ ಫಲವಾದ ಗ್ರಂಥವು 1962ರಲ್ಲಿ ಹೊರಬಂದಿತು. ತಾವು ಅಧ್ಯಯನ ಮಾಡಿದ ಊರುಗಳಿಗೆ ಅವರು ಇಟ್ಟ ಕಲ್ಪಿತ ಹೆಸರುಗಳು ವಂಗಲ ಮತ್ತು ದಲೇನ.

ಮಂಡ್ಯವನ್ನೇ ಏಕೆ ಆರಿಸಿಕೊಂಡರೆಂಬುದನ್ನು ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕಟ್ಟೆ, ಅದರಿಂದ ಹೊರಟ ಇರ್ವಿನ್ ನಾಲೆ (ಇಂದಿನ ವಿಶ್ವೇಶ್ವರಯ್ಯ ನಾಲೆ), 1933ರಲ್ಲಿ ಸ್ಥಾಪಿತವಾದ ಮೈಸೂರು ಸಕ್ಕರೆ ಕಂಪನಿ, ಈ ಮೂರೂ ಸೇರಿ ರಾಗಿ ಹುರುಳಿಗಳ ಬೆದ್ದಲು ನಾಡನ್ನು ಒಂದೇ ತಲೆಮಾರಿನಲ್ಲಿ ಕಬ್ಬು ಬತ್ತಗಳ ನಾಡನ್ನಾಗಿ ಮಾರ್ಪಡಿಸಿದವು. ಇಷ್ಟು ದೊಡ್ಡ ಬದಲಾವಣೆಯು ಜನರ ಪರಸ್ಪರ ಸಂಬಂಧಗಳನ್ನು ಏನು ಮಾಡಿತು ಎಂಬುದೇ ಎಪ್‌ಸ್ಟೀನ್ ಅವರ ಪ್ರಶ್ನೆಯಾಗಿತ್ತು.

ಎರಡೂ ಊರುಗಳು ಮಂಡ್ಯಕ್ಕೆ ಸಮೀಪದವು. ಎರಡರಲ್ಲಿಯೂ ಒಕ್ಕಲಿಗರೇ ಬಹುಸಂಖ್ಯಾತರು. ವಂಗಲದ ಹೊಲಗಳಿಗೆ ನಾಲೆಯ ನೀರು ಹರಿಯಿತು. ದಲೇನದ ಭೂಮಿಯು ನಾಲೆಯ ಮಟ್ಟಕ್ಕಿಂತ ಎತ್ತರದಲ್ಲಿದ್ದುದರಿಂದ ಅಲ್ಲಿಗೆ ನೀರು ಏರಲಿಲ್ಲ. ನೀರು ಬಂದ ಊರು ಬದಲಾಗುತ್ತದೆ, ಬಾರದ ಊರು ಇದ್ದಂತೆಯೇ ಇರುತ್ತದೆ ಎಂದು ನಾವೆಲ್ಲರೂ ಊಹಿಸುತ್ತೇವೆ. ಅವರು ಕಂಡದ್ದಾದರೋ ಇದಕ್ಕೆ ಬಹುಮಟ್ಟಿಗೆ ವಿಪರೀತ.

ವಂಗಲದಲ್ಲಿ ಹಣ ಓಡಾಡಿತು, ಮನೆಗಳು ಎದ್ದವು, ಆದರೆ ಜನರು ಬೇಸಾಯಗಾರರಾಗಿಯೇ ಉಳಿದರು. ಹಳೆಯ ಯಜಮಾನಿಕೆ, ಜಾತಿಜಾತಿಗಳ ನಡುವಣ ಕೊಡುಕೊಳೆ, ಹಬ್ಬಹರಿದಿನಗಳ ಹಕ್ಕುಬಾಧ್ಯತೆಗಳು ಮೊದಲಿನಂತೆಯೇ ನಡೆದವು. ಇತ್ತ ದಲೇನದವರು ನೆರೆಯೂರುಗಳಲ್ಲಿ ಗದ್ದೆ ಕೊಂಡರು, ಕಾರ್ಖಾನೆಗೆ ಕಬ್ಬು ಸಾಗಿಸಲು ಗಾಡಿ ಹೂಡಿದರು, ಹಿಟ್ಟಿನ ಗಿರಣಿ ಇಟ್ಟರು, ಮಂಡ್ಯದಲ್ಲಿ ನೌಕರಿ ಹಿಡಿದರು. ಹೊರಗಿನ ಸಂಪಾದನೆಯುಳ್ಳವನು ಊರಿನ ಹಳೆಯ ಯಜಮಾನನಿಗೆ ತಲೆಬಾಗುವ ಅಗತ್ಯ ಕಡಿಮೆಯಾಯಿತು. ಒಕ್ಕಲು ಮನೆತನಗಳಿಗೂ ಅವನ್ನು ಆಶ್ರಯಿಸಿದ್ದ ಆದಿಕರ್ನಾಟಕ ಮನೆತನಗಳಿಗೂ ಇದ್ದ ವಂಶಪಾರಂಪರ್ಯದ ಸಂಬಂಧ ಅಲ್ಲಿ ಬಹುತೇಕ ಕಡಿದುಹೋಯಿತು.

ಈ ವಂಶಪಾರಂಪರ್ಯದ ಸಂಬಂಧವನ್ನು ಕುರಿತು ಸ್ವಲ್ಪ ನಿಧಾನವಾಗಿ ಹೇಳಬೇಕು; ನನ್ನ ಮಟ್ಟಿಗೆ ಎಪ್‌ಸ್ಟೀನ್ ಅವರ ಕೃಷಿಯ ಸಾರವಿರುವುದು ಇಲ್ಲಿಯೇ. ಮೈಸೂರು ಸೀಮೆಯಲ್ಲಿ 'ಹಳೇಮಗ' ಎಂದು ಕರೆಯಲ್ಪಡುತ್ತಿದ್ದ ಆಳಿಗೆ ಒಕ್ಕಲು ಮನೆಯವರು ದಿನಗೂಲಿಯನ್ನಲ್ಲ, ಸುಗ್ಗಿಯಲ್ಲಿ ವರ್ಷಕ್ಕೊಮ್ಮೆ ಇಂತಿಷ್ಟು ಧಾನ್ಯವೆಂದು ಕೊಡುತ್ತಿದ್ದರು. ಬೆಳೆ ಹೆಚ್ಚಲಿ, ಕುಗ್ಗಲಿ, ಆ ಅಳತೆ ಬದಲಾಗುತ್ತಿರಲಿಲ್ಲ. ತಿಳಿವಳಿಕೆಗಾಗಿ ನಾನೇ ಒಂದು ಲೆಕ್ಕ ಹಾಕುತ್ತೇನೆ. ಒಂದು ಒಕ್ಕಲು ಮನೆ, ಒಂದು ಆಳಿನ ಮನೆ. ಆಳಿಗೆ ಗೊತ್ತಾದ ಪಾಲು ಐದು ಪಲ್ಲ ರಾಗಿ ಎಂದಿಟ್ಟುಕೊಳ್ಳೋಣ. ಮಳೆ ಕೆಟ್ಟು ಕಣಕ್ಕೆ ಹತ್ತೇ ಪಲ್ಲ ಬಂದರೆ ಯಜಮಾನನಿಗೂ ಐದು, ಆಳಿಗೂ ಐದು. ಮಳೆ ಚೆನ್ನಾಗಿ ಆಗಿ ಇಪ್ಪತ್ತು ಪಲ್ಲ ಬಂದರೆ ಯಜಮಾನನಿಗೆ ಹದಿನೈದು, ಆಳಿಗೆ ಮತ್ತೆ ಅದೇ ಐದು. ಒಳ್ಳೆಯ ವರ್ಷವನ್ನು ಮಾತ್ರ ನೋಡಿದವನಿಗೆ ಇದು ಬರಿಯ ಶೋಷಣೆಯಾಗಿ ಕಾಣುತ್ತದೆ. ಕೆಟ್ಟ ವರ್ಷವನ್ನು ಮಾತ್ರ ನೋಡಿದವನಿಗೆ ಪರಮ ಔದಾರ್ಯವಾಗಿ ಕಾಣುತ್ತದೆ. ಎರಡನ್ನೂ ಕೂಡಿಸಿ ನೋಡಿದಾಗ, ಮಳೆಯನ್ನು ನಂಬಿ ಬಾಳುವ ಸೀಮೆಯಲ್ಲಿ ಯಾರೂ ಹಸಿವಿನಿಂದ ಸಾಯದಂತೆ ಏರ್ಪಟ್ಟ ಒಂದು ಬಗೆಯ ವಿಮೆ ಅದು ಎಂದು ಗೊತ್ತಾಗುತ್ತದೆ. 1967ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಎಪ್‌ಸ್ಟೀನ್ ಅವರು ಈ ವಾದವನ್ನು ಮಂಡಿಸಿದ್ದಾರೆ.

ಅದೇ ಪ್ರಬಂಧದಲ್ಲಿ ಬತ್ತದ ವಿಷಯವೂ ಬರುತ್ತದೆ. ಆ ಕಾಲದಲ್ಲಿ ಸರ್ಕಾರವು ಜಪಾನೀ ಪದ್ಧತಿಯ ಬತ್ತದ ಬೇಸಾಯವನ್ನು ಪ್ರಚಾರ ಮಾಡುತ್ತಿತ್ತು. ವಂಗಲದ ರೈತರು ಕಬ್ಬಿನ ಹೊಸ ವಿಧಾನಗಳನ್ನೆಲ್ಲ ಬೇಗನೆ ಕಲಿತರು, ಬತ್ತದ ಹೊಸ ವಿಧಾನವನ್ನು ಮಾತ್ರ ಒಲ್ಲೆನೆಂದರು. ಅಧಿಕಾರಿಗಳು ಇದನ್ನು ಮೌಢ್ಯವೆಂದು ತಿಳಿಯುವುದು ಸಹಜ. ನಿಜವಾದ ಕಾರಣ ಬೇರೆಯೇ ಇತ್ತು. ಕಬ್ಬು ಹೊಸ ಬೆಳೆಯಾದುದರಿಂದ ಅದರ ಕೂಲಿಗೆ ಹಿಂದಿನ ಕಟ್ಟಳೆ ಇರಲಿಲ್ಲ. ಕೆಲಸಕ್ಕೆ ತಕ್ಕಂತೆ ಕೊಡಬಹುದಾಗಿತ್ತು. ಬತ್ತದ ನಾಟಿಗಾದರೋ ಗೊತ್ತಾದ ದರವಿತ್ತು. ಸಾಲು ಹಿಡಿದು ನೆಡುವ ಹೊಸ ಪದ್ಧತಿಗೆ ದುಡಿಮೆ ಹೆಚ್ಚು ಬೇಕು. ಹಳೆಯ ದರಕ್ಕೆ ಹೆಚ್ಚು ದುಡಿಯಲು ಆಳುಗಳು ಒಪ್ಪರು, ದರವನ್ನು ಏರಿಸಲು ಯಜಮಾನರು ಒಪ್ಪರು. ಹೀಗೆ ಪೈರಿನ ಸಮಸ್ಯೆಯೆಂದು ತೋರಿದ್ದು ಸಂಬಂಧಗಳ ಸಮಸ್ಯೆಯಾಗಿತ್ತು. ನಮ್ಮ ಕೃಷಿ ವಿಸ್ತರಣಾ ಕಾರ್ಯಕರ್ತರೆಲ್ಲರೂ ಈ ಒಂದು ಪ್ರಸಂಗವನ್ನು ಓದಿದ್ದರೆ ಎಷ್ಟೋ ಕರಪತ್ರಗಳ ಕಾಗದ ಉಳಿಯುತ್ತಿತ್ತೆಂದು ನನಗೆ ಅನ್ನಿಸಿದ್ದುಂಟು.

ಇಷ್ಟು ಹೇಳಿದ ಮಾತ್ರಕ್ಕೆ ಹಳೆಯ ವ್ಯವಸ್ಥೆಯೇ ಚೆನ್ನಾಗಿತ್ತೆಂದು ನಿಟ್ಟುಸಿರಿಡುವುದು ತಪ್ಪಾಗುತ್ತದೆ. ವಂಗಲದಲ್ಲಿ ಆದಿಕರ್ನಾಟಕರು ನಾಟಕವಾಡಿ, ತಮ್ಮ ಪಾತ್ರಧಾರಿಯನ್ನು ರಂಗದ ಮೇಲೆ ಸಿಂಹಾಸನದಲ್ಲಿ ಕೂರಿಸಿದರೆಂಬ ಕಾರಣಕ್ಕೆ ಒಕ್ಕಲಿಗರು ಅವರನ್ನು ಕೆಲಸಕ್ಕೆ ಕರೆಯುವುದನ್ನೇ ನಿಲ್ಲಿಸಿದ ಪ್ರಸಂಗವನ್ನು ಎಪ್‌ಸ್ಟೀನ್ ಅವರು ದಾಖಲಿಸಿದ್ದಾರೆ. ಐದು ಪಲ್ಲ ರಾಗಿಯ ಭರವಸೆಗೆ ಆಳಿನ ಮನೆಯವನು ತೆರಬೇಕಾಗಿದ್ದ ಬೆಲೆ ಇದಾಗಿತ್ತು: ಬಣ್ಣ ಹಚ್ಚಿಕೊಂಡ ಒಂದು ರಾತ್ರಿಯ ಮಟ್ಟಿಗೂ ಅವನು ಅರಸನಾಗುವಂತಿರಲಿಲ್ಲ. ಆದಕಾರಣ ದಲೇನದಲ್ಲಿ ಆ ಸಂಬಂಧ ಕಡಿದುದನ್ನು ಬಿಡುಗಡೆಯೆಂದೂ ಕರೆಯಬೇಕು, ಆಧಾರ ತಪ್ಪಿತೆಂದೂ ಹೇಳಬೇಕು. ಇವೆರಡರಲ್ಲಿ ಒಂದನ್ನೇ ಹೇಳುವವರ ಮಾತು ಅರ್ಧಸತ್ಯ.

1970ರಲ್ಲಿ ಎಪ್‌ಸ್ಟೀನ್ ಅವರು ಪುನಃ ಅದೇ ಊರುಗಳಿಗೆ ಬಂದರು. ಈ ಪುನರಧ್ಯಯನವು 1973ರಲ್ಲಿ ಪ್ರಕಟವಾಯಿತು. ಅಷ್ಟರಲ್ಲಿ ವಂಗಲದವರೂ ಹೊರಗಿನ ವ್ಯವಹಾರಕ್ಕೆ ಕೈಹಾಕಿದ್ದರು. ಎರಡೂ ಊರುಗಳ ಒಟ್ಟು ಸಂಪತ್ತು ಬೆಳೆದಿತ್ತು. ಸರಾಸರಿ ತೆಗೆದರೆ ಎಲ್ಲರೂ ಏಳಿಗೆಯಾದಂತೆಯೇ. ಆದರೆ ಮನೆಮನೆಯ ಲೆಕ್ಕ ತೆಗೆದು ನೋಡಿದಾಗ ಉಳ್ಳವರಿಗೂ ಇಲ್ಲದವರಿಗೂ ನಡುವಣ ಅಂತರ ಹಿಗ್ಗಿತ್ತು. ಅತ್ಯಂತ ಬಡವರಾದ ಪರಿಶಿಷ್ಟ ಜಾತಿಯವರ ಸ್ಥಿತಿ ಹದಿನೈದು ವರ್ಷಗಳ ಹಿಂದಿಗಿಂತ ಕೆಟ್ಟಿತ್ತು. ಜನಸಂಖ್ಯೆ ಹೆಚ್ಚಿತು, ಭೂಮಿ ಹೆಚ್ಚಲಿಲ್ಲ, ಸುಗ್ಗಿಯ ಪಾಲು ಸವೆಯುತ್ತ ಬಂದಿತು, ಅದರ ಸ್ಥಾನಕ್ಕೆ ಬಂದ ನಗದು ಕೂಲಿ ಧಾನ್ಯದ ಬೆಲೆಯೊಡನೆ ಓಡಲಾರದೆ ಹಿಂದೆ ಬಿದ್ದಿತು. ಅದೇ ಊರಿಗೆ ಎರಡನೆಯ ಬಾರಿ ಹೋಗದಿದ್ದರೆ ಈ ಸಂಗತಿ ಬೆಳಕಿಗೆ ಬರುತ್ತಿರಲಿಲ್ಲ. ಒಮ್ಮೆ ಮಾತ್ರ ನಡೆಸಿದ ಸಮೀಕ್ಷೆಯು ನಿಂತ ನೀರಿನ ಆಳವನ್ನು ಹೇಳಬಲ್ಲುದು, ಹರಿವಿನ ದಿಕ್ಕನ್ನು ಹೇಳಲಾರದು.

ಆಮೇಲೆ ಕಾನೂನುಗಳು ಬಂದವು. 1974ರ ಭೂಸುಧಾರಣಾ ತಿದ್ದುಪಡಿ ಗೇಣಿದಾರನಿಗೆ ಭೂಮಿ ಕೊಟ್ಟಿತು. ಗೇಣಿಗೂ ಗತಿಯಿಲ್ಲದೆ ಕೂಲಿಯನ್ನೇ ನಂಬಿದ್ದವನಿಗೆ ಅದರಿಂದ ಆದುದು ಅಲ್ಪ. 1976ರಲ್ಲಿ ಜೀತಪದ್ಧತಿ ಕಾಯಿದೆಯ ಮೂಲಕ ರದ್ದಾಯಿತು. ಯಜಮಾನನ ಕಣದಲ್ಲಿ ದೊರೆಯುತ್ತಿದ್ದ ಕಾಳಿನ ಭರವಸೆ ಇಂದು ನ್ಯಾಯಬೆಲೆ ಅಂಗಡಿಯಲ್ಲಿದೆ. 2013ರಲ್ಲಿ ನಮ್ಮ ರಾಜ್ಯದಲ್ಲಿ ಅನ್ನಭಾಗ್ಯ ಯೋಜನೆ ಬಂದಿತು, ಅದೇ ವರ್ಷ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯೂ ಜಾರಿಯಾಯಿತು. ಈ ಕಾಳಿಗಾಗಿ ಯಾರ ಬಾಗಿಲಲ್ಲಿಯೂ ಕೈಕಟ್ಟಿ ನಿಲ್ಲಬೇಕಾಗಿಲ್ಲವೆಂಬುದು ಸಣ್ಣ ಮಾತಲ್ಲ.

ಎಪ್‌ಸ್ಟೀನ್ ಅವರು ಈ ಊರುಗಳನ್ನು ಕೊನೆಯವರೆಗೂ ಮರೆಯಲಿಲ್ಲ. ನಾಲ್ಕು ದಶಕಗಳ ಗ್ರಾಮಪರಿವರ್ತನೆಯನ್ನು ಕುರಿತ ಗ್ರಂಥವು 1998ರಲ್ಲಿ ಹೊರಬಂದಾಗ, ಕ್ಷೇತ್ರಕಾರ್ಯದಲ್ಲಿ ಅವರಿಗೆ ನೆರವಾಗಿದ್ದ ಎ. ಪಿ. ಸೂರ್ಯನಾರಾಯಣ ಮತ್ತು ಟಿ. ತಿಮ್ಮೇಗೌಡ ಅವರು ಸಹಲೇಖಕರಾಗಿದ್ದರು. ಎಪ್‌ಸ್ಟೀನ್ ಅವರು 2014ರಲ್ಲಿ ಕಾಲವಾದರು. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ನಾಲೆಯ ಕೆಳಗಿನ ಊರಿನವರೂ ಇದ್ದಾರೆ, ಮೇಲಿನ ಊರಿನವರೂ ಇದ್ದಾರೆ. ಅವರಲ್ಲಿ ಯಾರಾದರೂ ತಮ್ಮ ಊರಿನ ಇಪ್ಪತ್ತು ಮನೆಗಳನ್ನು ಈ ವರ್ಷವೊಮ್ಮೆ, ಹತ್ತು ವರ್ಷಗಳ ಬಳಿಕ ಇನ್ನೊಮ್ಮೆ ವಿಚಾರಿಸಿ ಬರೆದಿಡುವುದಾದರೆ, ವರಮಾನದ ಅಂಕಣಕ್ಕೆ ಮುಂಚೆ ಇನ್ನೊಂದು ಅಂಕಣವನ್ನು ಹಾಕಿಕೊಳ್ಳಬೇಕೆಂದು ಕೋರುತ್ತೇನೆ: ಮನೆಯ ಕಾಳು ಯಾವ ತಿಂಗಳವರೆಗೆ ಬರುತ್ತದೆ?