ಪೆನ್ನು ಒಂದು, ಪರೀಕ್ಷಕರು ಇಬ್ಬರು

ಅಜ್ಜನ ಕಾಲದ ಕಪಾಟಿನಲ್ಲಾಗಲಿ, ನಿವೃತ್ತ ಉಪಾಧ್ಯಾಯರ ಮೇಜಿನ ಖಾನೆಯಲ್ಲಾಗಲಿ ಹುಡುಕಿದರೆ ಹಳೆಯದೊಂದು ಮಸಿಪೆನ್ನು ದೊರೆಯುವುದು ಅಪರೂಪವಲ್ಲ. ಅದರ ಟೋಪಿ ಬಿಗಿದುಕೊಂಡಿರುತ್ತದೆ. ನಿಬ್ಬಿನ ಮೇಲೆ ಮಸಿ ಒಣಗಿ ಗಟ್ಟಿಯಾಗಿರುತ್ತದೆ. ಕಾಗದದ ಮೇಲೆ ಎಷ್ಟು ಉಜ್ಜಿದರೂ ಅಕ್ಷರ ಮೂಡದು. ಮನೆಯವರು ಅದನ್ನು ಎಸೆಯಲಾರರು, ಬಳಸಲೂ ಅರಿಯರು. ಅಂಥ ಪೆನ್ನಿನ ನಿಬ್ಬನ್ನು ರಾತ್ರಿಯೆಲ್ಲ ತಣ್ಣೀರಿನಲ್ಲಿ ನೆನೆಯಿಟ್ಟು, ಬೆಳಗ್ಗೆ ಆ ನೀರಿಗೆ ನೀಲಿ ಇಳಿದಿರುವುದನ್ನು ಕಂಡು ಕುತೂಹಲಗೊಂಡ ವಿದ್ಯಾರ್ಥಿಯು ತನಗೆ ತಿಳಿಯದೆಯೇ ಒಂದು ಹವ್ಯಾಸವನ್ನು ಕೈಗೊಂಡಂತಾಯಿತು.

ಅಂಚೆಚೀಟಿಗಳನ್ನೂ ನಾಣ್ಯಗಳನ್ನೂ ಕೂಡಿಹಾಕುವವರು ಅನೇಕರಿದ್ದಾರೆ. ಪೆನ್ನುಗಳ ಸಂಗ್ರಹವೂ ಅದೇ ಜಾತಿಯದಾದರೂ ಅದಕ್ಕೊಂದು ವಿಶೇಷವಿದೆ. ಅಂಚೆಚೀಟಿಯನ್ನು ನೋಡಿ ಸಂತೋಷಪಡಬಹುದು, ಅಷ್ಟೆ. ಪೆನ್ನಾದರೋ ಒಂದು ಯಂತ್ರ. ಅದು ಕೆಲಸ ಮಾಡಬೇಕು. ಮಾಡದಿದ್ದರೆ ದೋಷವು ಪೆನ್ನಿನದೋ, ಮಸಿಯದೋ, ಕಾಗದದ್ದೋ, ಬರೆಯುವ ಕೈಯದೋ ಎಂಬ ಪ್ರಶ್ನೆ ಏಳುತ್ತದೆ. ಈ ಪ್ರಶ್ನೆಗೆ ಒಬ್ಬನೇ ಕುಳಿತು ಉತ್ತರ ಕಂಡುಕೊಳ್ಳುವುದು ಕಷ್ಟ. ಏಕೆಂದರೆ ತನ್ನ ಕೈಯನ್ನು ತಾನೇ ಬದಲಿಸಿ ನೋಡಲು ಯಾರಿಂದಲೂ ಆಗದು. ಈ ಹವ್ಯಾಸಕ್ಕೆ ಜೊತೆಗಾರರು ಬೇಕೆನ್ನುವುದು ಇದೇ ಕಾರಣಕ್ಕಾಗಿ.

ದೊಡ್ಡ ನಗರಗಳಲ್ಲಿರುವಂಥ ಪೆನ್ನಿನ ಅಂಗಡಿಗಳಿಲ್ಲದ ಊರುಗಳಲ್ಲಿ ಇದು ಸಾಧ್ಯವೇ ಎಂದು ವಾಚಕರು ಕೇಳಬಹುದು. ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡ ತಾಲೂಕುಗಳನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಇಲ್ಲಿ ಕಾಗದವಿದೆ, ಬಿದಿರಿದೆ, ಮಸಿಗೆ ಒದಗುವ ಕಾಯಿಯಿದೆ; ನಾಲ್ಕಾರು ಲಿಪಿಗಳನ್ನು ಬರೆಯುವ ಜನರೂ ಇದ್ದಾರೆ. ಪೆನ್ನನ್ನು ಅರಿಯಲು ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಬೇರೆಡೆ ದೊರೆಯುವುದು ಸುಲಭವಲ್ಲ.

ಪೆನ್ನು ಬರೆಯುವ ಬಗೆ

ಪೆನ್ನಿನ ಒಳಗಿರುವ ಮಸಿ ತನ್ನ ಭಾರದಿಂದಲೇ ಕೆಳಗಿಳಿಯುತ್ತದೆಂದು ಹಲವರು ಭಾವಿಸುತ್ತಾರೆ. ಅದು ನಿಜವಾಗಿದ್ದರೆ ಟೋಪಿ ತೆಗೆದ ಕೂಡಲೇ ಮಸಿಯೆಲ್ಲ ಅಂಗಿಯ ಮೇಲೆ ಸುರಿಯುತ್ತಿತ್ತು. ಮಸಿಯನ್ನು ತಡೆಹಿಡಿಯುವುದೂ ಬೇಕಾದಷ್ಟೇ ಹೊರಗೆ ತರುವುದೂ ಒಂದೇ ಬಲ. ಅದಕ್ಕೆ ಕೇಶಾಕರ್ಷಣವೆಂದು ಹೆಸರು. ಕೂದಲಿನಷ್ಟು ಸಣ್ಣ ಸಂದಿನಲ್ಲಿ ದ್ರವವು ಗೋಡೆಗೆ ಅಂಟಿಕೊಂಡು ತಾನಾಗಿ ಮುಂದುವರಿಯುವ ಗುಣವಿದು. ಒಂದು ಮಿಲಿಮೀಟರ್ ಒಳವ್ಯಾಸದ ಶುಭ್ರವಾದ ಗಾಜಿನ ನಾಳವನ್ನು ನೀರಿನಲ್ಲಿ ನಿಲ್ಲಿಸಿದರೆ ನೀರು ಸುಮಾರು ೩ ಸೆಂಟಿಮೀಟರ್ ಮೇಲೇರುತ್ತದೆ. ವ್ಯಾಸ ಅರ್ಧವಾದರೆ ಏರಿಕೆ ೬ ಸೆಂಟಿಮೀಟರ್ ಆಗುತ್ತದೆ. ಸಂದು ಕಿರಿದಾದಷ್ಟೂ ಸೆಳೆತ ಹೆಚ್ಚು.

ನಿಬ್ಬಿನ ಸೀಳನ್ನು ಭೂತಗನ್ನಡಿಯಲ್ಲಿ ನೋಡಿರಿ. ಅದು ತುದಿಯ ಕಡೆಗೆ ಕಿರಿದಾಗುತ್ತ ಬರುತ್ತದೆ. ಆದುದರಿಂದ ಮಸಿಯು ತುದಿಗೆ ಸೆಳೆಯಲ್ಪಡುತ್ತದೆ. ತುದಿಯು ಕಾಗದವನ್ನು ಮುಟ್ಟಿದಾಗ ಕಾಗದದ ನಾರುಗಳ ನಡುವಣ ಇನ್ನೂ ಸಣ್ಣ ಸಂದುಗಳು ಮಸಿಯನ್ನು ಹೀರಿಕೊಳ್ಳುತ್ತವೆ. ನಿಬ್ಬಿನ ಅಡಿಯಲ್ಲಿ ವಿದ್ಯಾರ್ಥಿಗಳು ‘ನಾಲಿಗೆ’ ಎಂದು ಕರೆಯುವ ಭಾಗವಿದೆಯಷ್ಟೆ. ಅದರ ಮೇಲಿನ ಕಾಲುವೆಯಲ್ಲಿ ಮಸಿ ಹೊರಬರುತ್ತದೆ. ಹೋದ ಮಸಿಯ ಜಾಗವನ್ನು ತುಂಬಲು ಗಾಳಿ ಒಳಹೋಗುತ್ತದೆ. ಗಾಳಿಗೆ ದಾರಿಯಿಲ್ಲದಿದ್ದರೆ ಪೆನ್ನು ನಾಲ್ಕು ಸಾಲು ಬರೆದು ನಿಂತುಬಿಡುತ್ತದೆ. ಮಸಿ ಕಡಿಮೆಯಾದ ಪೆನ್ನಿನಲ್ಲಿ ಗಾಳಿ ಹೆಚ್ಚಿರುವುದರಿಂದ, ಕೈಯ ಬಿಸಿಗೆ ಆ ಗಾಳಿ ಹಿಗ್ಗಿ ಮಸಿಯನ್ನು ಹೊರದೂಡುತ್ತದೆ. ಪೆನ್ನು ‘ಕಕ್ಕುವುದು’ ಹೀಗೆ. ನಾಲಿಗೆಯ ಮೇಲೆ ಬಾಚಣಿಗೆಯಂತೆ ಕೊರೆದಿರುವ ಗೀರುಗಳು ಈ ಹೆಚ್ಚಿನ ಮಸಿಯನ್ನು ಹಿಡಿದಿಡಲಿಕ್ಕಾಗಿ ಇವೆ.

ಈ ತಿಳಿವಳಿಕೆ ಒಂದೇ ದಿನದಲ್ಲಿ ಬಂದುದಲ್ಲ. ಪ್ಯಾರಿಸಿನಲ್ಲಿ ಓದುತ್ತಿದ್ದ ರುಮೇನಿಯಾದ ವಿದ್ಯಾರ್ಥಿ ಪೆತ್ರಾಕೆ ಪೊಯೆನಾರು ತನ್ನೊಳಗೇ ಮಸಿಯನ್ನು ತುಂಬಿಕೊಂಡಿರುವ ಲೇಖನಿಗೆ ೧೮೨೭ರಲ್ಲಿ ಫ್ರಾನ್ಸಿನ ಹಕ್ಕುಪತ್ರ ಪಡೆದನು. ಮಸಿ ಮತ್ತು ಗಾಳಿಗಳ ಸಂಚಾರವನ್ನು ಹದಕ್ಕೆ ತಂದ ನಾಲಿಗೆಗಾಗಿ ನ್ಯೂಯಾರ್ಕಿನ ಲೂಯಿಸ್ ಎಡ್ಸನ್ ವಾಟರ್‌ಮನ್ ೧೮೮೪ರಲ್ಲಿ ಹಕ್ಕುಪತ್ರ ಪಡೆದನು. ಅಲ್ಲಿಂದ ಮುಂದೆ ಮಸಿಪೆನ್ನು ನಂಬಿ ಬಳಸಬಹುದಾದ ವಸ್ತುವಾಯಿತು.

ಪೆನ್ನನ್ನು ಓದುವುದು

ಸಂಗ್ರಾಹಕನು ಪೆನ್ನನ್ನು ಒಂದು ದಾಖಲೆಯಂತೆ ಓದಬಲ್ಲನು. ನಿಬ್ಬಿನ ಮೇಲೆ ೫೮೫ ಎಂಬ ಅಂಕಿಯಿದ್ದರೆ ಅದರ ಸಾವಿರ ಭಾಗಗಳಲ್ಲಿ ೫೮೫ ಭಾಗ ಚಿನ್ನವೆಂದರ್ಥ. ಇದೇ ೧೪ ಕ್ಯಾರೆಟ್ಟಿನ ಚಿನ್ನ. ೭೫೦ ಎಂದಿದ್ದರೆ ೧೮ ಕ್ಯಾರೆಟ್. ಹಿಂದಿನ ಮಸಿಗಳು ಆಮ್ಲಯುಕ್ತವಾಗಿದ್ದು ಉಕ್ಕನ್ನು ತಿಂದುಹಾಕುತ್ತಿದ್ದುದರಿಂದ ಚಿನ್ನವನ್ನು ಆರಿಸಿಕೊಂಡರು. ಚಿನ್ನ ಮೆದುವಾಗಿ ಬೇಗ ಸವೆಯುವುದರಿಂದ ತುದಿಗೆ ಇರಿಡಿಯಂ, ಆಸ್ಮಿಯಂ ಮುಂತಾದ ಕಠಿಣ ಲೋಹಗಳ ಕಾಳನ್ನು ಬೆಸೆದರು.

ಪೆನ್ನಿನ ಒಡಲೂ ಕಥೆ ಹೇಳುತ್ತದೆ. ರಬ್ಬರಿಗೆ ಗಂಧಕವನ್ನು ಹೇರಳವಾಗಿ ಬೆರೆಸಿ ಕಾಯಿಸಿದರೆ ಎಬೊನೈಟ್ ದೊರೆಯುತ್ತದೆ. ಇದನ್ನು ಹೆಬ್ಬೆರಳಿನಿಂದ ಬಿಸಿಯಾಗುವಂತೆ ಉಜ್ಜಿದರೆ ಗಂಧಕದ ವಾಸನೆ ಬರುತ್ತದೆ. ಬಿಸಿಲಿನಲ್ಲಿ ಬಹುಕಾಲವಿದ್ದರೆ ಕಪ್ಪು ಬಣ್ಣ ಕಂದಾಗುತ್ತದೆ. ಕರ್ಪೂರದ ವಾಸನೆ ಬಂದರೆ ಅದು ಸೆಲ್ಯುಲಾಯ್ಡ್. ಇದು ಬೆಂಕಿಗೆ ಬೇಗ ಹೊತ್ತಿಕೊಳ್ಳುವ ವಸ್ತು. ಬಿಸಿ ಸೂಜಿಯಿಂದ ಚುಚ್ಚಿ ಪರೀಕ್ಷಿಸುವುದು ಅಪಾಯಕರ. ತುಂಬುವ ವಿಧಾನದಿಂದಲೂ ಕಾಲವನ್ನು ಊಹಿಸಬಹುದು. ಒಡಲಿಗೆ ನೇರವಾಗಿ ಮಸಿ ಹನಿಸುವುದು ಬಹಳ ಹಳೆಯ ಪದ್ಧತಿ. ಪಕ್ಕದ ಸಣ್ಣ ಸನ್ನೆಯಿಂದ ಒಳಗಿನ ರಬ್ಬರ್ ಚೀಲವನ್ನು ಅದುಮುವ ವಿಧಾನಕ್ಕೆ ಅಮೆರಿಕದ ಆಭರಣದ ವ್ಯಾಪಾರಿ ವಾಲ್ಟರ್ ಶೀಫರ್ ೧೯೦೮ರಲ್ಲಿ ಹಕ್ಕುಪತ್ರ ಪಡೆದನು. ಅವನು ಸ್ಥಾಪಿಸಿದ ಶೀಫರ್ ಪೆನ್ನಿನ ಸಂಸ್ಥೆಯನ್ನು ೨೦೨೨ರಲ್ಲಿ ಬೆಂಗಳೂರಿನ ವಿಲಿಯಂ ಪೆನ್ ಸಂಸ್ಥೆ ಕೊಂಡುಕೊಂಡಿತೆಂಬುದು ಕನ್ನಡಿಗರಿಗೆ ಕುತೂಹಲದ ಸಂಗತಿ. ನಿಬ್ಬನ್ನು ಮುಚ್ಚಿಕೊಂಡಿರುವ ಪಾರ್ಕರ್ ೫೧ ಮಾರುಕಟ್ಟೆಗೆ ಬಂದುದು ೧೯೪೧ರಲ್ಲಿ. ಹಂಗೇರಿಯ ಪತ್ರಕರ್ತ ಲಾಸ್ಲೊ ಬಿರೊ ೧೯೩೮ರಲ್ಲಿ ಬಾಲ್ ಪೆನ್ನಿಗೆ ಹಕ್ಕುಪತ್ರ ಪಡೆದನು. ೧೯೪೫ರಲ್ಲಿ ಬಾಲ್ ಪೆನ್ನು ನ್ಯೂಯಾರ್ಕಿನ ಅಂಗಡಿಗೆ ಬಂದಿತು. ಮಸಿಪೆನ್ನುಗಳು ಕ್ರಮೇಣ ಮೇಜಿನ ಖಾನೆ ಸೇರಿದುದು ಅದರ ಬಳಿಕ.

ನಮ್ಮ ದೇಶದಲ್ಲಿ ಮಸಿಪೆನ್ನಿಗೆ ಸ್ವದೇಶಿ ಚಳವಳಿಯ ನಂಟೂ ಇದೆ. ಗೋದಾವರಿ ತೀರದ ರಾಜಮಹೇಂದ್ರಿಯಲ್ಲಿ ಕೆ. ವಿ. ರತ್ನಂ ಅವರು ೧೯೩೦ರ ದಶಕದಲ್ಲಿ ಕೈಯಿಂದ ತಯಾರಿಸಿದ ಪೆನ್ನನ್ನು ಗಾಂಧೀಜಿಗೆ ಕಳುಹಿಸಿದರು. ಗಾಂಧೀಜಿ ೧೯೩೫ರಲ್ಲಿ ಅದನ್ನು ಮೆಚ್ಚಿ ಪತ್ರ ಬರೆದರು.

ಮಸಿ ಮತ್ತು ಕಾಗದ

ಪೆನ್ನೊಂದನ್ನೇ ಕೂಡಿಡುವವನ ಜ್ಞಾನ ಅರ್ಧದಲ್ಲಿಯೇ ನಿಲ್ಲುತ್ತದೆ. ಬೆಂಗಳೂರಿನಲ್ಲಿ ತಯಾರಾದ ಬ್ರಿಲ್ ಮಸಿಯ ಸೀಸೆಯನ್ನು ಹಿರಿಯರು ಬಲ್ಲರು. ಶಾಲೆಯಲ್ಲಿ ಬಳಸುವ ಇಂಥ ಮಸಿ ನೀರಿನಲ್ಲಿ ಕರಗಿದ ಬಣ್ಣ. ಹೀರುಕಾಗದದ ಪಟ್ಟಿಯೊಂದರ ತುದಿಯಿಂದ ೨ ಸೆಂಟಿಮೀಟರ್ ಮೇಲೆ ಕಪ್ಪು ಮಸಿಯ ಒಂದು ಚುಕ್ಕೆಯಿಟ್ಟು, ಚುಕ್ಕೆ ಮುಳುಗದಂತೆ ತುದಿಯನ್ನಷ್ಟೇ ನೀರಿಗೆ ತಾಗಿಸಿರಿ. ನೀರು ಮೇಲೇರಿದಂತೆ ಅನೇಕ ಮಸಿಗಳಲ್ಲಿ ಕಪ್ಪು ಒಡೆದು ನೀಲಿ, ಕೆಂಪು, ಹಳದಿ ಪಟ್ಟೆಗಳಾಗುವುದನ್ನು ಕಾಣುವಿರಿ. ಎಲೆಯ ವರ್ಣದ್ರವ್ಯಗಳನ್ನು ಬೇರ್ಪಡಿಸಲು ರಷ್ಯಾದ ಸಸ್ಯವಿಜ್ಞಾನಿ ಮಿಖಾಯಿಲ್ ತ್ಸ್ವೆತ್ ಬಳಸಿದ ವರ್ಣಲೇಖನ ವಿಧಾನವೂ ಇದೇ ತತ್ತ್ವದ್ದು.

ಹಳೆಯ ಕಾಲದ ಮಸಿಯ ರಸಾಯನ ಬೇರೆ. ಈ ಸೀಮೆಯ ಕಾಡಿನಲ್ಲಿ ಸಿಗುವ ಅಳಲೆಕಾಯಿಯಲ್ಲಿ ಟ್ಯಾನಿನ್ ಹೇರಳವಾಗಿದೆ. ಕಾಯಿಯನ್ನು ಜಜ್ಜಿ ಕುದಿಸಿ ಸೋಸಿದ ಕಷಾಯಕ್ಕೆ ಅನ್ನಭೇದಿಯ, ಎಂದರೆ ಕಬ್ಬಿಣದ ಸಲ್ಫೇಟಿನ, ದ್ರಾವಣವನ್ನು ಬೆರೆಸಿದರೆ ಅದು ಕಪ್ಪಾಗುತ್ತದೆ. ಇದರಿಂದ ಬರೆದ ಅಕ್ಷರ ಮೊದಲು ಮಾಸಲಾಗಿ ಕಂಡರೂ ಗಾಳಿಯ ಆಮ್ಲಜನಕ ಸೇರಿದ ಮೇಲೆ ಇನ್ನಷ್ಟು ಕರಿದಾಗಿ ಕಾಗದದ ನಾರನ್ನು ಬಿಡದಂತೆ ಹಿಡಿಯುತ್ತದೆ. ಇದನ್ನು ಬಿದಿರಿನ ಕಡ್ಡಿಯಿಂದಲೋ ಅದ್ದಿ ಬರೆಯುವ ಟಾಕಿನಿಂದಲೋ ಬರೆಯಬೇಕು. ಮಸಿಪೆನ್ನಿಗೆ ತುಂಬಿದರೆ ಗಸಿ ಕುಳಿತು ಕಾಲುವೆ ಕಟ್ಟಿಹೋಗುವುದು.

ಇನ್ನು ಕಾಗದ. ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಸ್ಥಾಪನೆಯಾದುದು ೧೯೫೫ರಲ್ಲಿ. ಉತ್ಪಾದನೆ ಆರಂಭವಾದುದು ೧೯೫೯ರಲ್ಲಿ. ಮೊದಲ ವರ್ಷಗಳಲ್ಲಿ ಅದಕ್ಕೆ ಮುಖ್ಯವಾಗಿ ಸುತ್ತಣ ಕಾಡಿನ ಬಿದಿರೇ ಕಚ್ಚಾವಸ್ತು. ಬಿದಿರು ಕ್ಷೀಣಿಸಿದ ಮೇಲೆ ನೆಟ್ಟು ಬೆಳೆಸಿದ ಮರಗಳತ್ತ ತಿರುಗಬೇಕಾಯಿತು. ಒಂದು ಹಾಳೆ ಕಾಗದದ ಹಿಂದೆ ಒಂದು ಕಾಡಿನ ಲೆಕ್ಕವಿದೆಯೆಂಬುದನ್ನು ಕಾಳಿಯ ತೀರದ ವಿದ್ಯಾರ್ಥಿಗಳಿಗೆ ಬೇರೆಯವರು ಹೇಳಬೇಕಾಗಿಲ್ಲ. ಬರೆಯುವ ಕಾಗದಕ್ಕೆ ರಾಳ, ಪಿಷ್ಟ ಮುಂತಾದವುಗಳ ಸಂಸ್ಕಾರ ಕೊಟ್ಟಿರುತ್ತಾರೆ. ಆ ಸಂಸ್ಕಾರ ಕಡಿಮೆಯಾದರೆ ನಾರುಗಳು ಮಸಿಯನ್ನು ಎಲ್ಲ ದಿಕ್ಕಿಗೂ ಎಳೆದೊಯ್ದು ಅಕ್ಷರಕ್ಕೆ ರೋಮ ಬಂದಂತೆ ಮಾಡುತ್ತವೆ. ಮಳೆಗಾಲದಲ್ಲಿ ಕಾಗದ ತೇವವನ್ನು ಹೀರಿ ಮೆದುವಾಗುವುದರಿಂದ ಈ ತೊಂದರೆ ಇನ್ನೂ ಹೆಚ್ಚು. ಅನೇಕ ವೇಳೆ ಜನರು ಪೆನ್ನಿನ ಮೇಲೆ ಹೊರಿಸುವ ತಪ್ಪು ಕಾಗದದ್ದೇ ಆಗಿರುತ್ತದೆ.

ಜೊತೆಗಾರರು

ಇದನ್ನು ನಿರ್ಣಯಿಸುವುದು ಹೇಗೆ? ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ ಉಳಿದುದನ್ನು ಹಾಗೆಯೇ ಇಡುವುದು ವಿಜ್ಞಾನದ ಕ್ರಮ. ಎರಡು ಪೆನ್ನು, ಮೂರು ಮಸಿ, ಮೂರು ಕಾಗದ ತೆಗೆದುಕೊಂಡರೆ ಹದಿನೆಂಟು ಜೋಡಣೆಗಳಾಗುತ್ತವೆ. ಪ್ರತಿಯೊಂದರಿಂದಲೂ ಒಂದೇ ವಾಕ್ಯವನ್ನು ಬರೆದು, ಒಣಗಲು ಹಿಡಿದ ಸಮಯವನ್ನೂ ಗೆರೆಯ ಅಗಲವನ್ನೂ ಟಿಪ್ಪಣಿಪುಸ್ತಕದಲ್ಲಿ ಗುರುತುಹಾಕಿಕೊಳ್ಳಬೇಕು. ಬಳಿಕ ಹಾಳೆಗಳಿಗೆ ಸಂಖ್ಯೆಯನ್ನಷ್ಟೇ ಕೊಟ್ಟು, ಯಾವುದು ಯಾವುದೆಂದು ಹೇಳದೆ, ಇನ್ನೊಬ್ಬರಿಂದ ಗುಣ ಕಟ್ಟಿಸಬೇಕು. ಬೆಲೆಬಾಳುವ ಪೆನ್ನೇ ಚೆನ್ನಾಗಿ ಬರೆಯುತ್ತದೆಂಬ ಮೋಹ ಈ ಪರೀಕ್ಷೆಯಲ್ಲಿ ಉಳಿಯುವುದೋ ಇಲ್ಲವೋ ಆಗ ತಿಳಿಯುತ್ತದೆ.

ಈ ನಾಲ್ಕು ತಾಲೂಕುಗಳಲ್ಲಿ ಇನ್ನೊಂದು ಅನುಕೂಲವಿದೆ. ಕನ್ನಡದ ಅಕ್ಷರ ದುಂಡಗೆ ಸುತ್ತುತ್ತದೆ. ಮರಾಠಿ ಬರೆಯುವವರ ದೇವನಾಗರಿಯಲ್ಲಿ ತಲೆಗಟ್ಟಿನ ಉದ್ದಗೆರೆಯಿದೆ. ಉರ್ದು ಬಲದಿಂದ ಎಡಕ್ಕೆ ಸಾಗುತ್ತದೆ. ೧೯೬೬ರಲ್ಲಿ ಮುಂಡಗೋಡದ ಬಳಿ ಟಿಬೆಟನ್ನರ ವಸತಿ ಸ್ಥಾಪನೆಯಾಗಿ, ಮುಂದೆ ಡ್ರೆಪುಂಗ್ ಮತ್ತು ಗಾಂದೆನ್ ವಿಹಾರಗಳೂ ಅಲ್ಲಿ ನೆಲೆಗೊಂಡವು. ಟಿಬೆಟಿನ ಲಿಪಿಯನ್ನು ಸಂಪ್ರದಾಯದಂತೆ ಓರೆಯಾಗಿ ಕತ್ತರಿಸಿದ ಬಿದಿರಿನ ಲೇಖನಿಯಿಂದ ಬರೆಯುತ್ತಾರೆ. ಗೆರೆಯ ದಪ್ಪ ಸಣ್ಣ ಅದನ್ನು ಹಿಡಿಯುವ ಕೋನದಿಂದ ಬರುತ್ತದೆ. ಒಂದೇ ಪೆನ್ನು ಇಷ್ಟು ಕೈಗಳಲ್ಲಿ ಇಷ್ಟು ದಿಕ್ಕಿಗೆ ಚಲಿಸಿದಾಗ ನಿಬ್ಬಿನ ಗುಣದೋಷಗಳೆಲ್ಲ ಹೊರಬರುತ್ತವೆ. ಹಳಿಯಾಳದ ಹುಡುಗಿಯೊಬ್ಬಳಿಗೆ ಒಣಗಲಾಗಿ ಬರೆಯುವ ಪೆನ್ನು ಮುಂಡಗೋಡದ ಗೆಳತಿಯ ಕೈಯಲ್ಲಿ ಧಾರಾಳವಾಗಿ ಬರೆಯಿತೆನ್ನೋಣ. ವ್ಯತ್ಯಾಸವು ಹಿಡಿತದ ಕೋನದಲ್ಲಿದೆಯೆಂಬುದು ಇಬ್ಬರೂ ಎದುರುಬದುರಾಗಿ ಕುಳಿತಾಗಲೇ ಗೊತ್ತಾಗುವುದು.

ಜೊತೆಗಾರರನ್ನು ಹುಡುಕಲು ಬಹುದೂರ ಹೋಗಬೇಕಿಲ್ಲ. ಶಾಲೆಯ ವಿಜ್ಞಾನ ಪ್ರದರ್ಶನದಲ್ಲಿ ಒಂದು ಮೇಜಿನ ಮೇಲೆ ಐದಾರು ಪೆನ್ನುಗಳನ್ನು ಬಿಡಿಭಾಗಗಳೊಡನೆ ಇರಿಸಿದರೆ ಸಾಕು. ‘ನಮ್ಮ ಮನೆಯಲ್ಲಿಯೂ ಇಂಥದೊಂದಿದೆ’ ಎನ್ನುವವರು ತಾವಾಗಿಯೇ ಬರುತ್ತಾರೆ. ೨೦೧೨ರಿಂದ ನವೆಂಬರ್ ತಿಂಗಳ ಮೊದಲನೆಯ ಶುಕ್ರವಾರವನ್ನು ಹಲವು ದೇಶಗಳ ಹವ್ಯಾಸಿಗಳು ಮಸಿಪೆನ್ನಿನ ದಿನವಾಗಿ ಆಚರಿಸುತ್ತ ಬಂದಿದ್ದಾರೆ. ಮಳೆ ಹಿಂದೆ ಸರಿದು ದಾರಿಗಳು ಒಣಗಿರುವ ಆ ಸಮಯ ಘಟ್ಟದ ಊರುಗಳವರು ಒಂದೆಡೆ ಸೇರಲು ಅನುಕೂಲವಾದುದು.

ಹಾಗೆ ಸೇರುವಾಗ ಹಿರಿಯರನ್ನು ಮರೆಯಬಾರದು. ಸನ್ನೆಯ ಪೆನ್ನಿನೊಳಗಿನ ರಬ್ಬರ್ ಚೀಲ ಕಾಲಾಂತರದಲ್ಲಿ ಗಟ್ಟಿಯಾಗಿ ಒಡೆಯುತ್ತದೆ, ಅದನ್ನು ಬದಲಿಸಬಹುದು. ಎಬೊನೈಟಿಗೆ ಬಿಸಿನೀರು, ಸೆಲ್ಯುಲಾಯ್ಡಿಗೆ ಮದ್ಯಸಾರ ತಾಗಿಸಬಾರದೆಂಬುದನ್ನೂ ಓದಿ ಕಲಿಯಬಹುದು. ಆದರೆ ಬಾಗಿದ ನಿಬ್ಬನ್ನು ಉಗುರಿನಿಂದ ಎಷ್ಟು ಒತ್ತಿದರೆ ನೆಟ್ಟಗಾಗುತ್ತದೆ, ಎಷ್ಟು ಒತ್ತಿದರೆ ಮುರಿಯುತ್ತದೆ ಎಂಬುದು ಕೈಯಲ್ಲಿರುವ ವಿದ್ಯೆ. ಅದನ್ನು ಬಲ್ಲ ಗುಮಾಸ್ತರೂ ಗಡಿಯಾರ ರಿಪೇರಿಯವರೂ ಹಳೆಯ ಮಾಸ್ತರರೂ ವರ್ಷದಿಂದ ವರ್ಷಕ್ಕೆ ವಿರಳವಾಗುತ್ತಿದ್ದಾರೆ. ಪೆನ್ನನ್ನು ಮುಂದೆ ಎಂದಾದರೂ ಕೊಳ್ಳಬಹುದು. ಈ ವಿದ್ಯೆಯನ್ನು ಅವರಿರುವಾಗಲೇ ಪಕ್ಕದಲ್ಲಿ ಕುಳಿತು ಕಲಿಯಬೇಕು. ಕಲಿತುದನ್ನು ಹೆಸರು, ತಾರೀಖು, ಊರುಗಳೊಡನೆ ಬರೆದಿಡಬೇಕು. ಸಂಗ್ರಹದ ಮೊದಲ ಪೆನ್ನಿನಿಂದಲೇ ಅದನ್ನು ಬರೆದರೆ ಆ ಪೆನ್ನು ಕೆಲಸಕ್ಕೆ ಮರಳಿದಂತೆಯೂ ಆಗುವುದು.