ಬೆಳಗಾಮಿ ಎಂದರೆ ಬೆಳಗಾವಿಯಲ್ಲ

ಹನ್ನೊಂದನೇ ಶತಮಾನದ ಗಂಡಭೇರುಂಡ ಕಂಬವನ್ನು ನೋಡಬೇಕೆಂದು ಹೊರಟವರು ಯಾವ ಊರಿನ ಬಸ್ಸು ಹತ್ತಬೇಕು? ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ಆ ಊರಿನ ಹೆಸರು ‘ಬೆಳಗಾಮಿ’. ಅದನ್ನು ನಕಾಶೆಯಲ್ಲಿ ಹುಡುಕಿದರೆ ಕಣ್ಣು ಹೋಗಿ ನಿಲ್ಲುವುದು ಬೆಳಗಾವಿಯ ಮೇಲೆ. ಕಂಬ ಇರುವುದು ಮಾತ್ರ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ. ಎರಡೂ ಊರುಗಳ ನಡುವೆ ನೇರ ಗೆರೆ ಎಳೆದರೂ ಸುಮಾರು 180 ಕಿ.ಮೀ. ಆಗುತ್ತದೆ.

ಬಳ್ಳಿಗಾವಿಗೆ ಹೆಸರುಗಳು ಹಲವು. ಶಾಸನಗಳಲ್ಲಿ ಬಳ್ಳಿಗಾವೆ, ಬಲಿಪುರ, ಬಿ.ಎಲ್. ರೈಸ್ ಶಾಸನಗಳನ್ನು ಪ್ರಕಟಿಸಿದಾಗ ಬೆಳಗಾಮಿ. ಅತ್ತ ಬೆಳಗಾವಿ ಇಂಗ್ಲಿಷಿನಲ್ಲಿ ಬೆಲ್ಗಾಮ್ ಆಗಿತ್ತು. 2014ರ ನವೆಂಬರ್ 1ರಂದು ಆ ಹೆಸರನ್ನು ಅಧಿಕೃತವಾಗಿ ಬೆಳಗಾವಿ ಎಂದು ತಿದ್ದಿದ್ದು ಸರಿಯಾದ ಕೆಲಸವೇ. ಆದರೆ ಇಂಗ್ಲಿಷಿನಲ್ಲಿ ಓದುವವರಿಗೆ ಎರಡೂ ಹೆಸರುಗಳು ಇನ್ನಷ್ಟು ಹತ್ತಿರವಾದವು. ದೊಡ್ಡ ನಗರದ ಹೆಸರಿನ ಕೆಳಗೆ ಚಿಕ್ಕ ಹಳ್ಳಿಯ ದೊಡ್ಡ ಚರಿತ್ರೆ ಮರೆಯಾಗುವುದು ನನಗೆ ನಿಜಕ್ಕೂ ಸಂಕಟದ ವಿಷಯ.

ಹೀಗೆ ತೊಡಕಾದಾಗ ಹೆಸರನ್ನು ಬಿಟ್ಟು ಅದರ ಅಕ್ಕಪಕ್ಕ ಏನಿದೆ ಎಂದು ನೋಡಬೇಕು. ನಮ್ಮ ಶಾಸನಗಳು ಈ ವಿಷಯದಲ್ಲಿ ಬಹಳ ಉದಾರಿ. ಊರು ಯಾವ ನಾಡಿಗೆ ಸೇರಿದ್ದು, ಆ ನಾಡಿನ ಸಂಖ್ಯೆ ಎಷ್ಟು ಎಂಬುದನ್ನು ಬರೆದೇ ಮುಂದೆ ಹೋಗುತ್ತವೆ. ಬಳ್ಳಿಗಾವೆ ಬನವಾಸಿ 12000ದ ರಾಜಧಾನಿ. ಬೆಳಗಾವಿ ಅಂದಿನ ವೇಣುಗ್ರಾಮ. ಅದು ರಟ್ಟರು ಆಳುತ್ತಿದ್ದ ಕುಂಡಿ 3000ಕ್ಕೆ ಸೇರಿದ್ದು. ಕಲ್ಲಿನಲ್ಲಿ ‘ಬನವಾಸಿ’ ಎಂದಿದ್ದರೆ ಶಿಕಾರಿಪುರದ ಕಡೆಗೆ, ‘ಕುಂಡಿ’ ಎಂದಿದ್ದರೆ ಬೆಳಗಾವಿಯ ಕಡೆಗೆ ತಿರುಗಬೇಕು.

ಇದಕ್ಕಿಂತಲೂ ಸೊಗಸಾದ ಸಾಕ್ಷಿ ಒಂದು ಗಳೆಯದು. ಗಂಡಭೇರುಂಡ ಕಂಬವನ್ನು ಮಹಾಮಂಡಲೇಶ್ವರ ಚಾವುಂಡರಾಯ ನಿಲ್ಲಿಸಿದ್ದು 1047ರಲ್ಲಿ. ಮರುವರ್ಷ ಅವನು ಬಸದಿಯೊಂದಕ್ಕೆ ಗದ್ದೆ ಬಿಟ್ಟಾಗ ಅದನ್ನು ಅಳೆದದ್ದು ‘ಭೇರುಂಡ ಗಳೆ’ಯಿಂದ. ಕಂಬದ ಹಕ್ಕಿಯ ಹೆಸರೇ ಆ ಸೀಮೆಯ ಅಳತೆಗೋಲಿಗೂ ಬಂದಿತ್ತು. ದಾನಶಾಸನದಲ್ಲಿ ಆ ಗಳೆ ಕಂಡರೆ ಬಳ್ಳಿಗಾವಿಯ ಸುತ್ತಲಿನ ಹೊಲಗದ್ದೆಗಳನ್ನೇ ಮೊದಲು ಹುಡುಕಬೇಕೆಂದು ನಾನು ಹೇಳುತ್ತೇನೆ.

ಕಲ್ಲು ಇಂದು ಎಲ್ಲಿದೆ ಎಂಬುದನ್ನಷ್ಟೇ ನೆಚ್ಚಿಕೊಂಡರೆ ಮೋಸ ಹೋಗಬಹುದು. ರಟ್ಟರ ದೊರೆ ನಾಲ್ಕನೇ ಕಾರ್ತವೀರ್ಯನ ಕಾಲದ, 1204ರ ಬೆಳಗಾವಿ ಶಾಸನ ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಆದ್ದರಿಂದ ಶಾಸನ ಎಲ್ಲಿ ಸಿಕ್ಕಿತು, ಯಾರು ಪ್ರತಿ ತೆಗೆದರು, ಯಾವ ಸಂಪುಟದಲ್ಲಿ ಅಚ್ಚಾಯಿತು ಎಂಬುದನ್ನೂ ನೋಡಲೇಬೇಕು. ‘ಎಪಿಗ್ರಾಫಿಯಾ ಕರ್ನಾಟಿಕ’ದ ಏಳನೇ ಸಂಪುಟ ಶಿವಮೊಗ್ಗ ಜಿಲ್ಲೆಯದು, ಬಳ್ಳಿಗಾವಿಯ ಶಾಸನಗಳು ಅದರಲ್ಲಿ ಶಿಕಾರಿಪುರದ ಕ್ರಮಸಂಖ್ಯೆಯಲ್ಲಿವೆ. ಕೇದಾರೇಶ್ವರ ದೇಗುಲದ ಕೋಡಿಯಮಠವನ್ನು ಬಣ್ಣಿಸುವ 1162ರ ಶಾಸನವೂ ಅಲ್ಲಿದೆ. ವೇದ, ವ್ಯಾಕರಣ ಕಲಿಯುವ ಜಾಗ, ಹಸಿದವರಿಗೆ ಅನ್ನ, ರೋಗಿಗಳಿಗೆ ಮದ್ದು ಸಿಗುವ ಜಾಗ ಎಂದು ಆ ಮಠವನ್ನು ಕೊಂಡಾಡುವ ಸಾಲುಗಳಿಗೆ ‘ಬೆಳಗಾವಿಯ ಮಠ’ ಎಂಬ ತಲೆಬರಹ ಬಿದ್ದರೆ ಊರಿಗೂ ಅನ್ಯಾಯ, ಓದುಗನಿಗೂ ಅನ್ಯಾಯ.

ಇಂಥ ಜೋಡಿಗಳು ರಾಜ್ಯದಲ್ಲಿ ಬೇಕಾದಷ್ಟಿವೆ. ಹಂಪಿಯ ಮಗ್ಗುಲಲ್ಲೊಂದು ಕಮಲಾಪುರ, ಕೆಂಪು ಬಾಳೆಗೆ ಹೆಸರಾದ ಕಲಬುರಗಿ ಜಿಲ್ಲೆಯದೊಂದು. ಗುರುನರಸಿಂಹನ ಸಾಲಿಗ್ರಾಮ ಉಡುಪಿ ಜಿಲ್ಲೆಯದು, ರಾಮಾನುಜರ ನೆನಪಿನ ಸಾಲಿಗ್ರಾಮ ಮೈಸೂರು ಜಿಲ್ಲೆಯದು.

ಇಂದಿನ ಕೆಲಸಕ್ಕೆ ಶಾಸನ ಓದಲು ಬರಲೇಬೇಕೆಂದಿಲ್ಲ. ಊರಿನ ಹೆಸರಿನ ಜೊತೆ ಹೋಬಳಿ, ತಾಲ್ಲೂಕು, ಜಿಲ್ಲೆ ಕೇಳಿದರೆ ಅರ್ಧ ತೊಡಕು ಬಿಡಿಸಿದಂತೆ. ಪಿನ್‌ಕೋಡ್ 577ರಿಂದ ಶುರುವಾದರೆ ಅದು ಬೆಳಗಾವಿ ಆಗಲು ಸಾಧ್ಯವಿಲ್ಲ, ಅಲ್ಲಿಯದು 590. ಪ್ರತಿ ಗ್ರಾಮಕ್ಕೂ ಸರ್ಕಾರ ಪ್ರತ್ಯೇಕ ಸಂಕೇತ ಸಂಖ್ಯೆ ಕೊಟ್ಟಿದೆ. ದಾಖಲೆ ಬರೆಯುವವರು ಅದನ್ನೂ ಸೇರಿಸಿದರೆ ಮುಂದಿನವರು ಅಲೆಯುವುದು ತಪ್ಪುತ್ತದೆ. ದೇವಸ್ಥಾನದ ಚಿತ್ರ ಹಂಚಿಕೊಳ್ಳುವವರು ಅಡಿಯಲ್ಲಿ ‘ಶಿಕಾರಿಪುರ ತಾಲ್ಲೂಕು’ ಎಂಬ ಎರಡು ಪದ ಸೇರಿಸಲಿ ಎಂಬುದು ನನ್ನ ಪ್ರಾರ್ಥನೆ.

ಬಳ್ಳಿಗಾವಿಗೆ ಹೋಗುವವರು ಶಿರಾಳಕೊಪ್ಪಕ್ಕೆ ಬರಬೇಕು. ಅಲ್ಲಿಂದ ಊರು ತೀರಾ ಹತ್ತಿರ. ಕದಂಬರ ಸ್ತಂಭಶಾಸನವಿರುವ ತಾಳಗುಂದವೂ ಅಲ್ಲೇ ಸಮೀಪದಲ್ಲಿದೆ. ಅದನ್ನೂ ಅದೇ ದಿನ ನೋಡಿ ಬರಬಹುದು. ಅಕಸ್ಮಾತ್ ಬೆಳಗಾವಿಗೇ ಹೋಗಿಬಿಟ್ಟಿದ್ದರೆ ಕೋಟೆಯೊಳಗಿನ ಕಮಲ ಬಸದಿಯನ್ನು ನೋಡದೆ ಹಿಂತಿರುಗಬೇಡಿ.